ಬೀಗರ ಮನೆಯ ಕರೆಂಟು

ಒಂದು ಕಪ್ ಚಹಾ ಕುಡಿದು ಎದ್ದುಬರುವಷ್ಟು ಹೊತ್ತಿನ ಕೆಲಸ ಎಂದು ಶಿವರುದ್ರಪ್ಪ ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಮಗಳನ್ನು ಗಂಡನ ಮನೆಯ ಬಾಗಿಲಿಗೆ ಮುಟ್ಟಿಸುವುದು, ಬೀಗರಿಗೆ ಕೈ ಮುಗಿಯುವುದು, ಕೂಡ್ರಿ ಎಂದರೆ ಕುರ್ಚಿಯ ಅಂಚಿನ ಮೇಲೆ ಕೂಡುವುದು, ಚಹಾ ತೀರುತ್ತಲೇ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಲಾರಿ ಬಂದು ನಿಂತಿದೆ ಎಂದು ಹೇಳಿ ಎದ್ದುಬಿಡುವುದು. ಯಾಕೆ ಹೋಗಿದ್ದಳು, ಈಗ ಯಾಕೆ ಬಂದಳು ಎಂಬ ಮಾತು ಎತ್ತಲು ಯಾರಿಗೂ ಪುರಸೊತ್ತು ಸಿಗಬಾರದು. ಆಮೇಲೆ ಊರ ಅಂಚಿನ ಪೆಟ್ರೋಲ್ ಪಂಪಿನಲ್ಲಿ ಕಾರನ್ನು ಚಾರ್ಜಿಗೆ ಹಚ್ಚಿ, ಗಾಜು ಏರಿಸಿ, ಸೀಟು ಹಿಂದಕ್ಕೆ ಒರಗಿಸಿ, ಒಬ್ಬನೇ ಕಣ್ಣು ಮುಚ್ಚಿಕೊಂಡು ಮಲಗುವುದು. ಈ ಕೊನೆಯ ಚಿತ್ರ ಅವನಿಗೆ ಹಿತವಾಗಿತ್ತು. ಪುಣೆ ಬಿಟ್ಟು ಬೋಪದೇವ ಘಾಟು ಹತ್ತುವಾಗ, ಸಾಸವಡದ ಸಂತೆಯ ಗದ್ದಲದಲ್ಲಿ ಸಿಕ್ಕಿಕೊಂಡಾಗ, ಜೇಜುರಿಯ ಗುಡ್ಡ ಕಂಡು ರೂಢಿಯಂತೆ ಕೈ ಎದೆಗೆ ಹೋದಾಗಲೂ ಅವನು ಅದನ್ನೇ ಜೇಬಿನಿಂದ ತೆಗೆದು ನೋಡಿದಂತೆ ಮತ್ತೆ ಮತ್ತೆ ನೋಡಿಕೊಂಡಿದ್ದ.

ಕಾರು ಮಗ ಮಾಂತು ಹೋದ ವರ್ಷ ಕೊಂಡದ್ದು, ಕರೆಂಟಿನದು. ಅದರ ಸಪ್ಪಳವಿಲ್ಲದ ಓಟ ಶಿವರುದ್ರಪ್ಪನಿಗೆ ಇನ್ನೂ ರೂಢಿಯಾಗಿರಲಿಲ್ಲ. ಹಳೆಯ ಗಾಡಿಯಾಗಿದ್ದರೆ ಇಂಜಿನ್ನಾದರೂ ಗುರುಗುಟ್ಟುತ್ತಿತ್ತು. ಇದರಲ್ಲಿ ಹಿಂದಿನ ಸೀಟಿನಲ್ಲಿ ಕೂತ ತ್ರಿವೇಣಿ ಬಳೆ ಸರಿಸಿಕೊಂಡರೂ ಕೇಳಿಸುತ್ತಿತ್ತು. ಮುಂದೆ ಕೂಡು ಎಂದು ಅವನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಬಾಡಿಗೆ ಗಾಡಿ ಹತ್ತಿದವಳ ಹಾಗೆ ಹಿಂದಿನ ಬಾಗಿಲು ತೆರೆದು, ಬ್ಯಾಗನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ನಿಜಕ್ಕೆ ಇವತ್ತು ಮಾಂತೂನೇ ಅಕ್ಕನನ್ನು ಬಿಟ್ಟುಬರಬೇಕಿತ್ತು. ನಿನ್ನೆ ಸಂಜೆ ಬೀಗ ಅಂಬಣ್ಣನ ಫೋನು ಬಂದು, "ಅಮಾಸಿ ಒಳಗ ಕಳಸಿಬಿಡ್ರಿ" ಎಂದಷ್ಟೇ ಹೇಳಿ ಇಟ್ಟಾಗ, ಮಾಂತು ತಾಟಿನಿಂದ ತಲೆ ಎತ್ತದೆ, "ನಾ ಅಂತೂ ಒಯ್ಯಂಗಿಲ್ಲ. ಗಾಡಿ ಬೇಕಾದ್ರ ತಗೊಂಡ ಹೋಗ್ರಿ" ಎಂದಿದ್ದ. ಆ ಮಾತು ಮನೆಯಲ್ಲಿ ಹರಡಿದ ಮೌನದಲ್ಲಿ ರಾತ್ರಿ ಕಾರನ್ನು ಪ್ಲಗ್ಗಿಗೆ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಅರ್ಧಕ್ಕಿಂತ ತುಸು ಮೇಲಿತ್ತು. ಹೋಗಲು ಸಾಕು, ಬರಲು ಸಾಲದು. "ಆ ಊರಿನ ಪಂಪಿನ್ಯಾಗ ಚಾರ್ಜರ್ ಅದ ಬಿಡ್ರಿ, ಮೊಬೈಲಿನ್ಯಾಗ ಹಸರ ತೋರಸ್ಲಿಕ್ಕತ್ತದ" ಎಂದು ಮಾಂತು ಅವನ ಫೋನಿನಲ್ಲಿ ಒಂದು ನಕಾಶೆ ತೆರೆದುಕೊಟ್ಟು, ಅಕ್ಕನ ಮುಖ ನೋಡದೆ ಸ್ನಾನಕ್ಕೆ ಹೋಗಿಬಿಟ್ಟಿದ್ದ.

ನೀರಾ ನದಿ ದಾಟಿದ ಮೇಲೆ ಎರಡೂ ಕಡೆ ಕಬ್ಬು. ಎರಡು ತಿಂಗಳ ಹಿಂದೆ ಇದೇ ದಾರಿಯಲ್ಲಿ ತ್ರಿವೇಣಿ ಎಸ್‌ಟಿ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಮಧ್ಯಾಹ್ನ ಪುಣೆಯ ಕೊಂಢವಾದ ಮನೆಯ ಬಾಗಿಲು ತೆರೆದ ತಾಯಿ ಚನ್ನಬಸವ್ವ ಮೊದಲು ಅವಳ ಕುತ್ತಿಗೆ ನೋಡಿದಳು, ತೋಳು ನೋಡಿದಳು, ಎಲ್ಲೂ ಕಲೆಯಿಲ್ಲದ್ದು ನೋಡಿ ಒಳಗೆ ಬಿಟ್ಟುಕೊಂಡಳು. ಅಂದು ಸಂಜೆ ಅಡುಗೆಮನೆಯಲ್ಲಿ ತಾಯಿ ಮಗಳು ಆಡಿದ ಮಾತು ಪಡಸಾಲೆಯಲ್ಲಿ ಕೂತ ಶಿವರುದ್ರಪ್ಪನಿಗೆ ಪೂರಾ ಕೇಳಿಸಿತ್ತು.

"ಅಲ್ಲೆ ಯಾರೂ ನನ್ನ ಜೋಡಿ ಮಾತಾಡಂಗಿಲ್ಲ ಅವ್ವಾ."

"ಹೊಡೀತಾನೇನು?"

"ಇಲ್ಲ."

"ಕುಡೀತಾನೇನು? ಉಪಾಸ ಕೆಡವ್ತಾರೇನು?"

"ಇಲ್ಲವಾ. ಮಾತಾಡಂಗಿಲ್ಲ. ಗಣಪತಿ ಹಬ್ಬದಾಗ ಅತ್ತಿಯವರಿಗೆ ಒಂದ ಮಾತ ತಿರುಗಿ ಅಂದೆ. ಅವತ್ತಿನಿಂದ ಯಾರೂ ಮಾತಾಡಂಗಿಲ್ಲ. ಅವರೂ ಸೈತ."

"ಮಾತಾಡಂಗಿಲ್ಲ ಅಂದ್ರ ಅದೇನ ದೊಡ್ಡ ತ್ರಾಸಾತು? ನಿಮ್ಮಪ್ಪ ನನ್ನ ಜೋಡಿ ಎಷ್ಟ ಮಾತಾಡ್ಯಾರ?"

ಇದನ್ನು ಚನ್ನಬಸವ್ವ ಸಿಟ್ಟಿನಿಂದ ಹೇಳಿರಲಿಲ್ಲ, ಸಮಾಧಾನಕ್ಕೆಂದು ಹೇಳಿದ್ದಳು. ಟಿವಿ ನೋಡುತ್ತಿದ್ದ ಶಿವರುದ್ರಪ್ಪನಿಗೂ ಅದು ಸಮಾಧಾನದ ಮಾತಾಗಿಯೇ ಕೇಳಿಸಿತ್ತು. ತನ್ನ ಬೆಲ್ಲದ ಅಂಗಡಿಯಲ್ಲಿ ಅವನು ಬೆಳಗಿನಿಂದ ಸಂಜೆಯತನಕ ಮಾತಾಡುವವನು. ಹಮಾಲರೊಡನೆ ಮರಾಠಿ, ಕೊಲ್ಹಾಪುರದ ಗಿರಾಕಿಗಳೊಡನೆ ಇನ್ನೊಂದು ತರಹದ ಮರಾಠಿ, ಮಹಾಲಿಂಗಪುರದ ದಲಾಲರೊಡನೆ ಫೋನಿನಲ್ಲಿ ಕನ್ನಡ. ಮನೆಗೆ ಬಂದು ಚಪ್ಪಲಿ ಬಿಡುವಾಗ ನಾಲಿಗೆಯನ್ನೂ ಅಲ್ಲೇ ಬಿಟ್ಟು ಬಂದಂತೆ ಸುಮ್ಮನಾಗುತ್ತಿದ್ದ. ಮನೆಯವರು ಅದನ್ನು ಗಾಂಭೀರ್ಯ ಎಂದುಕೊಂಡಿದ್ದರು. ಅವನೂ ಹಾಗೇ ಎಂದುಕೊಂಡಿದ್ದ. ತ್ರಿವೇಣಿ ಸಣ್ಣವಳಿದ್ದಾಗ ಸ್ಕೂಟರಿನ ಮುಂದೆ ನಿಂತು ಸ್ವಾರಗೇಟಿನಿಂದ ಮನೆಯತನಕ ಕಂಡ ಬೋರ್ಡುಗಳನ್ನೆಲ್ಲ ಕೂಗಿ ಓದುತ್ತಿದ್ದಳು. ಇದು ಸರಿಯಾ ಅಪ್ಪಾ, ಇದು ಸರಿಯಾ ಎಂದು ಕತ್ತು ತಿರುಗಿಸಿ ಕೇಳುತ್ತಿದ್ದಳು. ತಲೆಯಲ್ಲಿ ದರದ ಗುಣಾಕಾರ ನಡೆದಿರುತ್ತಿದ್ದುದರಿಂದ ಅವನು ಹೂಂ ಎನ್ನುತ್ತಿದ್ದ. ತಪ್ಪು ಓದಿದರೂ ಹೂಂ ಎನ್ನುತ್ತಿದ್ದ. ಯಾವಾಗ ಅವಳು ಓದುವುದು ನಿಲ್ಲಿಸಿದಳೋ ಅವನಿಗೆ ತಿಳಿಯಲಿಲ್ಲ.

ಊರ ಅಂಚಿನಲ್ಲಿ ಪೆಟ್ರೋಲ್ ಪಂಪು ಸಿಕ್ಕಿತು. "ಮೊದಲ ಇದನ್ನ ನೋಡಿ ಹೋಗೂಣು" ಎಂದು ಅವನು ತನ್ನಷ್ಟಕ್ಕೆ ಹೇಳಿ ಕಾರು ತಿರುಗಿಸಿದ. ಗಾಳಿ ತುಂಬುವ ಯಂತ್ರದ ಹಿಂದೆ ಬಿಳಿ ಪೆಟ್ಟಿಗೆಯಂಥದು ನಿಂತಿತ್ತು. ಅದರ ತಲೆಗೆ ಸಿಮೆಂಟಿನ ಖಾಲಿ ಚೀಲ ತೊಡಿಸಿ ಸುತ್ತ ಹಗ್ಗ ಬಿಗಿದಿದ್ದರು. ವೈರು ಇರಬೇಕಾದಲ್ಲಿ ಬರೀ ಕೊಂಡಿ ಇತ್ತು. "ಬಂದ್ ಆಹೇ ಕಾಕಾ" ಎಂದು ಪೆಟ್ರೋಲು ಹಾಕುತ್ತಿದ್ದವನು ದೂರದಿಂದಲೇ ಕೂಗಿದ. ಯಾವಾಗಿನಿಂದ ಎಂದರೆ ನಕ್ಕ. ವೈರು ಯಾರೋ ತಾಮ್ರದ ಆಸೆಗೆ ಕತ್ತರಿಸಿಕೊಂಡು ಹೋದರಂತೆ, ಕಂಪನಿಯವರು ಬಂದು ಫೋಟೋ ಹೊಡೆದುಕೊಂಡು ಹೋದರಂತೆ. ಶಿವರುದ್ರಪ್ಪ ಫೋನು ತೆಗೆದು ನೋಡಿದ. ನಕಾಶೆಯ ಮೇಲೆ ಆ ಜಾಗ ಹಸಿರಾಗಿಯೇ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಹಸಿರು ಚುಕ್ಕೆ ಕಂಡಿತು. ಹೋಗಿ ನೋಡಿದರೆ ಅದು ಖಾನಾವಳಿಯ ಗೋಡೆಯ ಮೇಲಿನ ಪ್ಲಗ್ಗು, ಸ್ಕೂಟರುಗಳಿಗಷ್ಟೇ. ಮೂರನೆಯದು ಒಂದು ಕಾರಿನ ಶೋರೂಮಿನದು. ಅದರ ಮುಂದೆ ಕೂತಿದ್ದ ವಾಚಮನ್, ಇದು ನಮ್ಮ ಕಂಪನಿಯ ಗಾಡಿಗಳಿಗೆ ಮಾತ್ರ, ನಿಮ್ಮದು ಬೇರೆ ಕಂಪನಿಯದು ಎಂದ. ಪ್ರತಿ ಸಲ ಇಳಿದು ಹೋಗಿ, ವಿನಂತಿಸಿಕೊಂಡು, ಮರಳಿ ಬಂದು ಕೂಡುವಾಗ ಶಿವರುದ್ರಪ್ಪ ಕನ್ನಡಿಯಲ್ಲಿ ಹಿಂದಿನ ಸೀಟು ಕಾಣದ ಹಾಗೆ ಮುಖ ತಿರುಗಿಸಿಕೊಂಡ. ಕೊನೆಗೆ ತ್ರಿವೇಣಿಯೇ, ಕಿಟಕಿಯಾಚೆ ನೋಡುತ್ತ, "ಮನ್ಯಾಗ ಅಡಗಿಮನಿಗೆ ದೊಡ್ಡ ಪ್ಲಗ್ ಅದರಿ ಅಪ್ಪಾ. ಫ್ರಿಜ್ಜಿಂದು" ಎಂದಳು.

ಮಗಳನ್ನು ಬಿಟ್ಟು ಓಡಿಹೋಗಬೇಕೆಂದಿದ್ದವನು ಬೀಗರ ಮನೆಯ ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದು ಪ್ಲಗ್ಗನ್ನು. ಅಂಬಣ್ಣ ಪಾತ್ರೆ ಅಂಗಡಿಯವನು, ಜತ್ತದ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆಸಿದವನು, ದೊಡ್ಡ ದನಿಯವನು. "ಅಯ್ಯ, ಕರೆಂಟೇನ ಬೀಗರ, ಮನೀನ ನಿಮ್ದ" ಎಂದು ತೋಳು ಹಿಡಿದು ಒಳಗೆ ಕರೆದುಕೊಂಡ. ಕಾರಿನ ಡಿಕ್ಕಿಯಲ್ಲಿದ್ದ ಉದ್ದನೆಯ ಕೇಬಲ್ಲನ್ನು ಅಡುಗೆಮನೆಯ ಕಿಟಕಿಯಿಂದ ಒಳಗೆ ತೂರಿಸಿದರು. ಫ್ರಿಜ್ಜಿನ ಪ್ಲಗ್ಗು ಕೀಳಬೇಕಾಯಿತು. ಅಂಬಣ್ಣನ ಹೆಂಡತಿ ಕೃಷ್ಣಾಬಾಯಿ ಹಾಲಿನ ಪಾತ್ರೆಯನ್ನು ಹೊರಗೆ ತೆಗೆದು ಮುಚ್ಚಳ ಎತ್ತಿ ನೋಡಿ, "ಹಾಲ ಒಡದ್ರ ಒಡೀಲಿ ಬಿಡ್ರಿ, ಬೀಗರ ಗಾಡಿ ಮುಖ್ಯ" ಎಂದು ನಕ್ಕಳು. ನಗೆ ಚಂದವಿತ್ತು. ಕಾರಿನ ಪರದೆ ನೋಡಿದರೆ, ಪುಣೆ ಮುಟ್ಟುವಷ್ಟು ತುಂಬಲು ನಾಲ್ಕು ತಾಸು ಬೇಕು ಎಂದು ತೋರಿಸುತ್ತಿತ್ತು. ಶಿವರುದ್ರಪ್ಪ ಅದನ್ನು ಎರಡು ಸಲ ಓದಿದ. ಮೈಯಲ್ಲಿ ಸಿಟ್ಟಾಗಲಿ ನಾಚಿಕೆಯಾಗಲಿ ಏಳಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ ಎದೆಯ ನಡುವೆ ಒಂದು ಜಾಗ ದಪ್ಪಗಾಗಿ ಕೂತಿತ್ತು.

ಅವನನ್ನು ಪಡಸಾಲೆಯ ಸೋಫಾದ ಮೇಲೆ ಕೂಡಿಸಿದರು. ಪೇಢೆ ಬಂತು, ಚಹಾ ಬಂತು. ಚಹಾ ತಂದದ್ದು ತ್ರಿವೇಣಿ. ಬಂದು ಅರ್ಧ ತಾಸಾಗಿರಲಿಲ್ಲ, ಯಾವಾಗ ಒಳಗೆ ಹೋದಳು, ಯಾವಾಗ ಸೆರಗು ಸಿಕ್ಕಿಸಿಕೊಂಡಳು ಅವನು ನೋಡಿರಲಿಲ್ಲ. "ಅತ್ತೀ, ನಿಮಗ ಸಕ್ಕರಿ ಹಾಕ್ಲ್ಯಾ?" ಎಂದು ಅವಳು ಕೇಳಿದಳು. ಕೃಷ್ಣಾಬಾಯಿ ಶಿವರುದ್ರಪ್ಪನ ಕಡೆಗೆ ತಿರುಗಿ, "ನಮ್ಮ ಬೀಗಿತಿ ಮೊಣಕಾಲ ಹ್ಯಾಂಗ ಅದಾವ್ರಿ ಈಗ?" ಎಂದಳು. ಕೇಳಿಸಲಿಲ್ಲವೇನೋ ಎಂದುಕೊಂಡ. ತ್ರಿವೇಣಿ ಒಂದು ಕ್ಷಣ ಚಮಚ ಹಿಡಿದು ನಿಂತು, ಆಮೇಲೆ ಒಂದು ಚಮಚ ಹಾಕಿ ಕಲಕಿ ಇಟ್ಟಳು. ಕೃಷ್ಣಾಬಾಯಿ ಕಪ್ಪು ಎತ್ತಿ ಕುಡಿದಳು. ಮೊಣಕಾಲು ಪರವಾಗಿಲ್ಲ, ಎಣ್ಣೆ ಹಚ್ಚುತ್ತಾಳೆ ಎಂದು ಶಿವರುದ್ರಪ್ಪ ಹೇಳಿದ. ಸೋಫಾದ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ತೆಗೆದಿರಲಿಲ್ಲ. ಅಲುಗಿದರೆ ಸದ್ದಾಗುತ್ತಿದ್ದುದರಿಂದ ಅವನು ಅಲುಗದೆ ಕೂತ. ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಸಕ್ಕರೆ ಕಾರ್ಖಾನೆಯ ಚುನಾವಣೆ, ಸ್ಟೀಲಿನ ಬೆಲೆ, ಕೋಥರೂಡದಲ್ಲಿ ಮನೆ ಕೊಂಡ ಅಂಬಣ್ಣನ ತಮ್ಮನ ಸೊಕ್ಕು, ಎಲ್ಲ ಬಂದು ಹೋಯಿತು. ಮಾತುಗಳು ತ್ರಿವೇಣಿ ನಿಂತ ಜಾಗದ ಆಚೆ ಈಚೆಗೆ ಹಾದುಹೋಗುತ್ತಿದ್ದವು. ರಸ್ತೆಯಲ್ಲಿ ಕಂಬವಿದ್ದರೆ ಜನ ಅದನ್ನು ನೋಡದೆಯೇ ಬಳಸಿ ನಡೆಯುತ್ತಾರಲ್ಲ, ಹಾಗೆ.

ಊಟದ ಹೊತ್ತಿಗೆ ಅಳಿಯ ಕಿಶೋರ ಅಂಗಡಿಯಿಂದ ಬಂದ. ಬಂದವನೇ ಶಿವರುದ್ರಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಚಲೋ ಹುಡುಗ. ಸಣ್ಣ ಮೀಸೆ, ಬಗ್ಗಿದ ಹೆಗಲು, ಮೃದು ದನಿ. ಎರಡು ತಿಂಗಳ ಮೇಲೆ ಬಂದ ಹೆಂಡತಿ ತಾಟು ಇಡುತ್ತಿದ್ದಳು, ಅವನು ಕೈ ತೊಳೆದುಕೊಂಡು ಬಂದು ಕೂತ. ಬದನೆಕಾಯಿ ಪಲ್ಯ, ಜೋಳದ ಭಕ್ರಿ, ಮೊಸರು. "ಇಲ್ಲೆ ಭಕ್ರಿ ಬೇಕಾಗೇದ" ಎಂದು ಕೃಷ್ಣಾಬಾಯಿ ಗೋಡೆಯ ಕಡೆಗೆ ಹೇಳಿದಳು. ಭಕ್ರಿ ಬಂತು. "ನೀರ ಸಾಲಂಗಿಲ್ಲ" ಎಂದು ಅಂಬಣ್ಣ ತಾಟಿಗೆ ಹೇಳಿದ. ನೀರು ಬಂತು. ಊಟದ ನಡುವೆ ಕಿಶೋರ ತಂದೆಯ ಕಡೆ ನೋಡಿ, "ಅಪ್ಪಾ, ನನ್ನ ನೀಲಿ ಅಂಗಿ ಎಲ್ಲಿ ಇಟ್ಟಾರಂತ ಕೇಳ್ರಿ" ಎಂದ. ತ್ರಿವೇಣಿ ಅವನ ಬಲಗೈಯ ಪಕ್ಕದಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅಂಬಣ್ಣ ತುತ್ತು ಅಗಿಯುತ್ತ ಶಿವರುದ್ರಪ್ಪನತ್ತ ನೋಡಿ, "ಬೀಗರ, ಅಂಗಿ ಎಲ್ಲಿ ಅದ ಅಂತ" ಎಂದ. ಆಗ ಶಿವರುದ್ರಪ್ಪ, ಬೆಲ್ಲದ ದರವನ್ನು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮುಟ್ಟಿಸಿ ಪಳಗಿದ ಅದೇ ದನಿಯಲ್ಲಿ, ಮಗಳನ್ನು ಕೇಳಿದ.

"ತ್ರಿವೇಣಿ, ಅಂಗಿ ಎಲ್ಲಿಟ್ಟಿ?"

"ಕಪಾಟಿನ ಕೆಳಗಿನ ಖಾನ್ಯಾಗ ಅದರಿ ಅಪ್ಪಾ."

"ಕೆಳಗಿನ ಖಾನ್ಯಾಗ ಅದ ಅಂತ" ಎಂದು ಅವನು ಅಳಿಯನಿಗೆ ಹೇಳಿದ.

ಕಿಶೋರ ತಲೆ ಆಡಿಸಿದ. ಊಟ ಮುಂದುವರಿಯಿತು. ಬಾಯಲ್ಲಿದ್ದ ಭಕ್ರಿ ಎಷ್ಟು ಅಗಿದರೂ ಇಳಿಯದಿದ್ದಾಗಲೇ ಶಿವರುದ್ರಪ್ಪನಿಗೆ ತಾನು ಈಗ ಏನು ಮಾಡಿದೆ ಎಂಬುದು ತಿಳಿದದ್ದು. ಆ ಮನೆಯ ಯಂತ್ರದಲ್ಲಿ ಒಂದು ಹಲ್ಲು ಕಡಿಮೆಯಿತ್ತೇನೋ, ತಾನು ಹೋಗಿ ಕೂತುಕೊಂಡದ್ದೇ ಅದು ಸಲೀಸಾಗಿ ತಿರುಗಿತ್ತು. ಯಾರೂ ಒತ್ತಾಯ ಮಾಡಿರಲಿಲ್ಲ. ಇದಕ್ಕಿಂತ ಬೈದಿದ್ದರೆ, ತಾಟು ಎಸೆದಿದ್ದರೆ ಎದ್ದು ನಿಲ್ಲಬಹುದಿತ್ತು. ನೀಲಿ ಅಂಗಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಯಾರು ಎದ್ದು ನಿಲ್ಲುತ್ತಾರೆ? ಮೊಸರು ಬಡಿಸಲು ಬಗ್ಗಿದ ಮಗಳ ಕೈ ಅವನ ಕಣ್ಣ ಮುಂದೆ ಬಂತು. ಕೈ ನಡುಗುತ್ತಿರಲಿಲ್ಲ. ಅದು ಅವನಿಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಿತು, ಆದರೆ ಹಾಗೆ ಕಂಡದ್ದೂ ಬೇರೆ ಯಾರಿಗೋ ಆದಂತೆ ದೂರದಲ್ಲಿತ್ತು.

ಕೈ ತೊಳೆಯುವಾಗ ಫ್ಯಾನು ನಿಂತಿತು. ಇವತ್ತು ಗುರುವಾರ ಅಲ್ಲವೇ, ಲೈನಿನ ಕೆಲಸ ಮಾಡುತ್ತಾರೆ, ಇನ್ನು ಮೂರರ ಮೇಲೆಯೇ ಬರುವುದು ಎಂದು ಅಂಬಣ್ಣ ಆರಾಮಾಗಿ ಹೇಳಿದ. ಶಿವರುದ್ರಪ್ಪ ಹೊರಗೆ ಹೋಗಿ ನೋಡಿದ. ಕಾರಿನ ಮೂತಿಯಲ್ಲಿ ಮಿನುಗುತ್ತಿದ್ದ ಸಣ್ಣ ದೀಪ ಆರಿತ್ತು. ಓಣಿಯ ಮುದುಕನೊಬ್ಬ ಕೇಬಲ್ಲನ್ನು ಕಾಲಿನಿಂದ ಮುಟ್ಟಿ ನೋಡಿ, ಪುಣೆಯ ಗಾಡಿಯೂ ನಮ್ಮ ಪಂಪ್‌ಸೆಟ್ಟಿನ ಹಾಗೇ ಕರೆಂಟಿಗೆ ಕಾಯುತ್ತದಲ್ಲ ಎಂದು ಮರಾಠಿಯಲ್ಲಿ ನಕ್ಕ. ಶಿವರುದ್ರಪ್ಪನೂ ನಕ್ಕ. ಮಾಂತುವಿಗೆ ಫೋನು ಮಾಡಬೇಕೆನ್ನಿಸಿತು. ಏನೆಂದು ಹೇಳುವುದು? ಚಾರ್ಜಿಲ್ಲ ಎಂದು ಹೇಳಬಹುದಿತ್ತು. ಉಳಿದದ್ದಕ್ಕೆ ಅವನಲ್ಲಿ ಶಬ್ದವಿರಲಿಲ್ಲ. ಚನ್ನಬಸವ್ವನಿಗೆ ಹೇಳಿದರೆ ಅವಳು ಮತ್ತೆ ಅದನ್ನೇ ಕೇಳುತ್ತಾಳೆ. ಹೊಡೆದರೇನು? ಉಪವಾಸ ಕೆಡವಿದರೇನು? ಇಲ್ಲ ಎಂದೇ ಅವನೂ ಹೇಳಬೇಕಾಗುತ್ತದೆ.

ಮಧ್ಯಾಹ್ನ ಮನೆಯವರು ಒಳಗೆ ಅಡ್ಡಾದರು. ಅವನಿಗೆ ಪಡಸಾಲೆಯಲ್ಲೇ ಚಾಪೆ ಹಾಸಿ ತಲೆದಿಂಬು ಕೊಟ್ಟಿದ್ದರು. ಸೆಕೆಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಬೆಳಗಿನ ಹಿತವಾದ ಚಿತ್ರ ಬರಲಿಲ್ಲ, ಸಿಮೆಂಟಿನ ಚೀಲ ತೊಟ್ಟ ಪೆಟ್ಟಿಗೆ ಬಂತು. ಹೊರಗೆ ಎಲ್ಲೋ ಜನರೇಟರು ಕೆಮ್ಮುತ್ತಿತ್ತು. ಆಗ ಅಡುಗೆಮನೆಯಿಂದ ಮಾತು ಕೇಳಿಸಿತು. ತ್ರಿವೇಣಿಯ ದನಿ, ಸಣ್ಣಗೆ. ಯಾರೋ ಅವಳೊಡನೆ ಕೂತಿದ್ದಾರೆ ಎಂದು ಅವನಿಗೆ ಮೊದಲು ಜೀವ ಹಗುರಾಯಿತು. ನೆರೆಮನೆಯ ಹೆಂಗಸು ಬಂದಿರಬೇಕು, ಅಂತೂ ಒಬ್ಬರಾದರೂ ಇದ್ದಾರಲ್ಲ. ಕಿವಿಗೊಟ್ಟ.

"ಮಡಕಿ ಕಾಳ ನೆನೀಲಿಕ್ಕ ಹಾಕಬೇಕಲಾ? ಹಾಕೂಣು. ಎಷ್ಟ ಹಾಕೂದು? ಎರಡ ಬಟ್ಲ ಸಾಕು. ನಾಳೆ ಯಾರರೆ ಬಂದ್ರ? ಇಲ್ಲೆ ಯಾರ ಬರ್ತಾರ, ಸಾಕು. ಕೈ ಏನ ಆತು? ಏನಿಲ್ಲ, ಬಿಸಿ ತಾಗಿತು. ನೀರ ಹಿಡಿ. ಹಿಡದೀನಿ. ಆರಾಮಾತು? ಹೂಂ, ಆರಾಮಾತು."

ಎರಡನೆಯ ದನಿ ಇರಲಿಲ್ಲ. ಕೇಳುತ್ತಿದ್ದವಳೂ ಅವಳೇ, ಹೇಳುತ್ತಿದ್ದವಳೂ ಅವಳೇ. ಕೇಳುವಾಗ ದನಿಯನ್ನು ತುಸು ಏರಿಸುತ್ತಿದ್ದಳು, ಉತ್ತರಿಸುವಾಗ ಇಳಿಸುತ್ತಿದ್ದಳು. ಇದನ್ನು ಅವಳು ಭಾಳ ದಿನದಿಂದ ಮಾಡುತ್ತಿದ್ದಾಳೆಂಬುದು ಆ ಸರಾಗದಲ್ಲೇ ಗೊತ್ತಾಗುತ್ತಿತ್ತು. ಕೊಂಢವಾದ ಮನೆಯಲ್ಲೂ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಹೀಗೇ ಸಣ್ಣ ದನಿ ಕೇಳಿಸುತ್ತಿತ್ತು. ಫೋನಿನಲ್ಲಿರಬೇಕು ಎಂದು ಅವನು ಟಿವಿಯ ದನಿ ಏರಿಸಿದ್ದ. ಶಿವರುದ್ರಪ್ಪ ಎದ್ದ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಕಿಟಕಿಯಿಂದ ಒಳಬಂದ ಕಾರಿನ ಕೇಬಲ್ಲು ಅವಳ ತಲೆಯ ಮೇಲಿಂದ ಜೋತುಬಿದ್ದಿತ್ತು. ಅದರ ಕೆಳಗೆ ನೆಲದ ಮೇಲೆ ಕೂತು ಅವಳು ಕಾಳು ಆರಿಸುತ್ತಿದ್ದಳು. ಅವನನ್ನು ಕಂಡು ಮಾತು ನಿಲ್ಲಿಸಿದಳು. ಬೆಚ್ಚಿಬೀಳಲಿಲ್ಲ, ನಾಚಲಿಲ್ಲ. ರೇಡಿಯೋ ಆರಿಸಿದಂತೆ ನಿಲ್ಲಿಸಿ ಮುಖ ನೋಡಿದಳಷ್ಟೇ.

"ನೀರ ಕೊಡು" ಎಂದ.

ಅವಳು ಎದ್ದು ನೀರು ಕೊಟ್ಟಳು. ಕುಡಿದು ಲೋಟ ಕೊಟ್ಟು ಬಂದು ಮಲಗಿದ. ಒಳಗಿನ ಮಾತು ಮತ್ತೆ ಶುರುವಾಗುತ್ತದೇನೋ ಎಂದು ಕಾದ. ಆಗಲಿಲ್ಲ. ಇವನು ಎದ್ದಿದ್ದಾನೆಂದು ಅವಳಿಗೆ ಗೊತ್ತಿತ್ತು.

ಮೂರರ ಮೇಲೆ ಎಷ್ಟೋ ಹೊತ್ತಿಗೆ ಫ್ಯಾನು ತಿರುಗಿತು. ಹೊರಗೆ ಕಾರು ಒಮ್ಮೆ ಕುಯ್ಯೆಂದಿತು. ಸಂಜೆ ಆರರ ಸುಮಾರಿಗೆ, ಎಸಿ ಹಾಕದೆ ಮೆಲ್ಲಗೆ ನಡೆಸಿದರೆ ಪುಣೆ ಮುಟ್ಟಬಹುದು ಎಂಬಷ್ಟಾಯಿತು. ಅಂಬಣ್ಣ ಟವೆಲು, ತೆಂಗಿನಕಾಯಿ ಕೊಟ್ಟು, "ಮುಂದಿನ ಸಲ ಬೀಗಿತೀನ್ನೂ ಕರ್ಕೊಂಡ ಬರ್ರಿ" ಎಂದ. ಎಲ್ಲರೂ ಬಾಗಿಲಿಗೆ ಬಂದರು. ಎದುರುಮನೆಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಕಿಶೋರ ಕಾರಿನ ಸುತ್ತ ಒಂದು ಸುತ್ತು ಬಂದು, ಮೆಚ್ಚಿಗೆಯಿಂದ ಟೈರು ನೋಡಿ, "ಮಾವಾರ, ಒಳಗಿಂದ ವೈರ ತಗೀಲಿಕ್ಕ ಹೇಳ್ರಿ" ಎಂದ. ತ್ರಿವೇಣಿ ಕಿಟಕಿಯ ಸರಳಿನ ಆಚೆಗೇ ಇದ್ದಳು, ಪ್ಲಗ್ಗಿನ ಮೇಲೆ ಕೈ ಇಟ್ಟುಕೊಂಡು. ಅವಳಿಗೆ ಕೇಳಿಸಿತ್ತು. ಆದರೂ ಕೀಳದೆ ನಿಂತಿದ್ದಳು, ತನ್ನವರೆಗೆ ಬರಬೇಕಾದ ಮಾತು ಇನ್ನೂ ಬಂದಿಲ್ಲ ಎಂಬಂತೆ, ತಂದೆಯ ಬಾಯಿ ನೋಡುತ್ತ.

ಶಿವರುದ್ರಪ್ಪನ ಬಾಯಿ ತೆರೆಯಿತು. ಅವನು ಹೇಳಿದ್ದು ಅವನೇ ಯೋಚಿಸಿರದ ಮಾತು.

"ವೈರ ತಗದು, ನೀನೂ ಬಾ. ಹೋಗೂಣು."

ಅವಳು ಪ್ಲಗ್ಗು ಕಿತ್ತಳು. ಕೇಬಲ್ಲು ಕಿಟಕಿಯಿಂದ ಹೊರಗೆ ಜಾರಿತು. ಹಿತ್ತಿಲ ಬಾಗಿಲಿನಿಂದ ಸುತ್ತಿ ಬಂದು, ಅದನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಕಾರಿನ ಹತ್ತಿರ ನಿಂತಳು. "ಬ್ಯಾಗ ಮ್ಯಾಲ ಅದರಿ" ಎಂದಳು. "ಇರ್ಲಿ" ಎಂದ. ಅಂಬಣ್ಣ ದೊಡ್ಡದಾಗಿ ನಕ್ಕ. "ಏನ್ರಿ ಬೀಗರ, ಬಿಡಲಿಕ್ಕ ಬಂದವ್ರು ಕರ್ಕೊಂಡ ಹೊಂಟ್ರಿ? ಚ್ಯಾಷ್ಟಿ ಮಾಡ್ತೀರೇನ?" ನಗು ಅವನ ಮುಖದ ಮೇಲೆ ಹಾಗೇ ಉಳಿಯಿತು. ಕೃಷ್ಣಾಬಾಯಿ ಎದುರುಮನೆಯ ಕಟ್ಟೆಯ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು. ಯಾರೂ ತಡೆಯಲಿಲ್ಲ. ತಡೆಯುತ್ತಾರೆಂದು ಶಿವರುದ್ರಪ್ಪ ಎಲ್ಲೋ ಕಾದಿದ್ದನೇನೋ, ತಡೆಯದಿದ್ದದ್ದು ಕೆನ್ನೆಗೆ ತಣ್ಣಗೆ ತಾಗಿತು. ಕಿಶೋರ ಮಾತ್ರ ಮುಂದೆ ಬಂದು, ಮೃದುವಾಗಿ, ಕಾರಿನ ಬಾಗಿಲಿಗೆ ಕೈ ಇಟ್ಟು, "ಮಾವಾರ, ತಿರುಗಿ ಯಾವಾಗ ಬರ್ತಾಳಂತ ಕೇಳ್ರಿ" ಎಂದ.

"ನೀವ ಕೇಳ್ರಿ" ಎಂದ ಶಿವರುದ್ರಪ್ಪ.

ತ್ರಿವೇಣಿ ಕೇಬಲ್ಲು ಸುತ್ತುವುದನ್ನು ನಿಲ್ಲಿಸಿ ಗಂಡನ ಕಡೆ ಮುಖ ಎತ್ತಿದಳು. ಬೆಳಗಿನಿಂದ ಅವಳ ಮುಖದಲ್ಲಿ ಶಿವರುದ್ರಪ್ಪ ಕಂಡಿರದ ಏನೋ ಒಂದು, ಆಸೆಯೆನ್ನಲೂ ಆಗದಷ್ಟು ಸಣ್ಣದು, ಅಲ್ಲಿ ಬಂದು ನಿಂತಿತು. ಕಿಶೋರ ತಾಯಿಯ ಕಡೆ ನೋಡಿದ. ಕೃಷ್ಣಾಬಾಯಿ ಆಕಾಶ ನೋಡುತ್ತಿದ್ದಳು. ಅವನ ತುಟಿ ಒಂದು ಅಕ್ಷರಕ್ಕೆಂದು ಜೋಡಿಯಾದದ್ದು ಶಿವರುದ್ರಪ್ಪನಿಗೆ ಕಾಣಿಸಿತು. ಪಾಪ, ಹೇಗೆ ಹೇಳುವುದೆಂಬುದೇ ಆ ಹುಡುಗನಿಗೆ ಮರೆತುಹೋಗಿದೆ ಎಂದು ಅವನಿಗೆ ಒಂದು ಕ್ಷಣ ಮರುಕವಾಯಿತು. ಕಿಶೋರ ಕಾರಿನ ಬಾಗಿಲಿನಿಂದ ಕೈ ತೆಗೆದ. ಬೆರಳಿಗೆ ಹತ್ತಿದ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದ.

ತ್ರಿವೇಣಿ ಕೇಬಲ್ಲನ್ನು ಡಿಕ್ಕಿಯಲ್ಲಿಟ್ಟು, ಸುತ್ತಿ ಬಂದು, ಮುಂದಿನ ಬಾಗಿಲಿನ ಹತ್ತಿರ ನಿಂತಳು. ಒಳಗಿನಿಂದ ಶಿವರುದ್ರಪ್ಪ ಅದನ್ನು ತೆರೆದ. ಮನೆಯಲ್ಲಿ ಹಾಕಿಕೊಳ್ಳುವ ಹವಾಯಿ ಚಪ್ಪಲಿಯಲ್ಲೇ ಹತ್ತಿ ಕೂತಳು.

ಕತ್ತಲಾಗುವ ಮುಂಚಿನ ಮಬ್ಬಿನಲ್ಲಿ ಕಬ್ಬು ಹಿಂದೆ ಸರಿಯಿತು. ಎಸಿ ಹಾಕುವ ಹಾಗಿರಲಿಲ್ಲ, ಗಾಜು ಇಳಿಸಿಕೊಂಡಿದ್ದರು. ಲಾರಿಗಳು ಹಾರ್ನು ಬಡಿಯುತ್ತ ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅವಳು ಅಳಬಹುದೆಂದು ಅವನು ಕಾದ, ಅಳಲಿಲ್ಲ. ಒಳ್ಳೆಯದು ಮಾಡಿದಿರಿ ಎನ್ನಬಹುದೆಂದು ಕಾದ, ಅನ್ನಲಿಲ್ಲ. ಜೇಜುರಿ ದಾಟಿದ ಮೇಲೆ, "ಅವ್ವ ಏನಂತಾಳ?" ಎಂದು ಒಮ್ಮೆ ಕೇಳಿದಳು. "ನಾ ಹೇಳ್ತೀನಿ" ಎಂದ. ಏನು ಹೇಳುವುದೆಂದು ಅವನಿಗೂ ಗೊತ್ತಿರಲಿಲ್ಲ. ಗೆದ್ದು ಬಂದಂತೇನೂ ಅನ್ನಿಸಲಿಲ್ಲ. ನಾಳೆ ಅಂಬಣ್ಣನ ಫೋನು ಬರುತ್ತದೆ, ಬಂಧುಬಳಗದವರ ಫೋನು ಬರುತ್ತದೆ, ಹಿರಿಯರು ಕೂಡ್ರೋಣ ಎನ್ನುತ್ತಾರೆ, ಎಲ್ಲರೂ ಕೇಳುತ್ತಾರೆ. ಎದೆಯೊಳಗಿನ ದಪ್ಪ ಜಾಗ ಹಾಗೇ ಇತ್ತು. ಅದರ ಅಂಚಿನಲ್ಲಿ ಮಾತ್ರ, ಸೂಜಿಯ ಔಷಧ ಇಳಿಯುವಾಗ ತುಟಿ ಜುಮ್ಮೆನ್ನುವಂತೆ, ಏನೋ ಸಣ್ಣಗೆ ನೋಯತೊಡಗಿತ್ತು.

ಬೋಪದೇವ ಘಾಟಿನ ತುದಿಯಲ್ಲಿ ಗಾಡಿಗಳು ನಿಂತಿದ್ದವು. ಕೆಳಗೆ ಕೊಂಢವಾದ ದೀಪಗಳು ಮಿನುಗುತ್ತಿದ್ದವು. ಇನ್ನು ಇಳಿಜಾರು, ಬ್ಯಾಟರಿಯ ಚಿಂತೆಯಿಲ್ಲ. ರಸ್ತೆಯ ಪಕ್ಕದಲ್ಲಿ ಒಬ್ಬ ಹೆಂಗಸು ಕೆಂಡದ ಮೇಲೆ ಮೆಕ್ಕೆಜೋಳದ ತೆನೆ ಸುಡುತ್ತಿದ್ದಳು. ಮಧ್ಯಾಹ್ನ ಎಲ್ಲರಿಗೂ ಬಡಿಸಿದ ಮಗಳು ಉಂಡದ್ದನ್ನು ನೋಡಿದ ನೆನಪು ಅವನಿಗೆ ಆಗಲಿಲ್ಲ. ಕಾರು ನಿಲ್ಲಿಸಿದ. ಇಬ್ಬರೂ ಇಳಿದರು. ಹೆಂಗಸು ಎರಡು ತೆನೆ ಸುಟ್ಟು, ಅರ್ಧ ಹೋಳು ನಿಂಬೆಯನ್ನು ಖಾರದ ಪುಡಿಯಲ್ಲಿ ಅದ್ದಿ, ಖಾರ ಹಚ್ಚಲೇ ಎಂದು ಮರಾಠಿಯಲ್ಲಿ ಕೇಳಿದಳು. ತನಗೆ ಹಚ್ಚು ಎಂದ. "ಆಣಿ ಹಿಲಾ?" ಎಂದು ಹೆಂಗಸು ತ್ರಿವೇಣಿಯ ಕಡೆ ಗದ್ದ ಎತ್ತಿದಳು, ಇವಳಿಗೆ?

ಶಿವರುದ್ರಪ್ಪನ ನಾಲಿಗೆಯ ಮೇಲೆ ಹೂಂ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು ಮಗಳ ಕಡೆ ತಿರುಗಿದ.

"ನಿನಗ ಖಾರ ಬೇಕೇನ ಯವ್ವಾ?"

ತ್ರಿವೇಣಿ ಅವನನ್ನೇ ನೋಡಿದಳು. ಭಾಳ ದೊಡ್ಡದೇನನ್ನೋ ಕೇಳಿದಂತೆ ಅವಳ ಹುಬ್ಬುಗಳು ಕೂಡಿದವು. ಉತ್ತರ ಹೇಳುವ ಇಳಿದನಿಗೆ ತುಟಿ ತೆರೆದು ಮತ್ತೆ ಮುಚ್ಚಿದಳು. ಗಾಳಿಗೆ ಕೆಂಡ ಕೆಂಪಾಗಿ ಕಪ್ಪಾಯಿತು. ಹಿಂದೆ ನಿಂತ ಗಿರಾಕಿ ಗೊಣಗಿದ, ಹೆಂಗಸು ನಿಂಬೆಹೋಳು ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡಿದ್ದಳು. ತಡೀರಿ, ಆಕಿ ಹೇಳ್ತಾಳ ಎಂಬಂತೆ ಶಿವರುದ್ರಪ್ಪ ಅವಳಿಗೆ ಕೈ ತೋರಿಸಿದ.

"ಗೊತ್ತಿಲ್ಲರಿ ಅಪ್ಪಾ" ಎಂದಳು ತ್ರಿವೇಣಿ. ಆಮೇಲೆ ತೆನೆಯ ಕಡೆ ನೋಡಿ, "ಸ್ವಲ್ಪ ಹಚ್ಚಿಸ್ರಿ. ತಿಂದು ನೋಡ್ತೀನಿ" ಎಂದಳು.